ನಳಿಕೆಯ ಮೂಲಕ ಆಹಾರ: ಗಂಡ ಹೆಂಡಿರಿಬ್ಬರೂ ಅರಿತಿರಬೇಕಾದ ಸಂಗತಿಗಳು

ಆಹಾರವನ್ನು ಬಾಯಿಯಿಂದ ಸೇವಿಸುವುದು ಸಹಜವಾದ ಕ್ರಮ. ಕೆಲವು ಕಾಯಿಲೆಗಳಲ್ಲಿ ಈ ಕ್ರಮಕ್ಕೆ ಭಂಗ ಬರುತ್ತದೆ. ಬಾಯಿ, ಗಂಟಲು ಅಥವಾ ಅನ್ನನಾಳವು ತನ್ನ ಕೆಲಸವನ್ನು ಮಾಡಲಾರದೆ ಹೋಗುತ್ತದೆ. ಆದರೆ ಅದರ ಕೆಳಗಿರುವ ಜಠರವೂ ಕರುಳುಗಳೂ ಎಂದಿನಂತೆಯೇ ಜೀರ್ಣಿಸಿಕೊಳ್ಳಬಲ್ಲವಾಗಿರುತ್ತವೆ. ಅಂತಹ ರೋಗಿಗೆ ಜಠರದವರೆಗೆ ತೆಳುವಾದ ನಳಿಕೆಯೊಂದನ್ನು ಇಳಿಸಿ, ಅದರ ಮೂಲಕ ದ್ರವರೂಪದ ಆಹಾರವನ್ನು ಕೊಡುತ್ತಾರೆ. ಇದು ಆಸ್ಪತ್ರೆಯಲ್ಲಿ ಆರಂಭವಾಗಿ ಮನೆಯಲ್ಲಿ ಮುಂದುವರಿಯುವ ಚಿಕಿತ್ಸೆ. ವೈದ್ಯರು ನಳಿಕೆಯನ್ನು ಹಾಕಿ ಕಳುಹಿಸುತ್ತಾರೆ. ಅನಂತರ ದಿನಕ್ಕೆ ಐದಾರು ಸಲ, ತಿಂಗಳುಗಟ್ಟಲೆ, ಕೆಲವರ ವಿಷಯದಲ್ಲಿ ವರ್ಷಗಟ್ಟಲೆ, ಅದರ ಮೂಲಕ ಊಟ ಬಡಿಸುವವರು ಮನೆಯವರೇ.

ಪಾರ್ಶ್ವವಾಯು ಬಡಿದವರಿಗೆ ನುಂಗುವ ಶಕ್ತಿ ಕುಂದಿ, ಕುಡಿದ ನೀರು ಶ್ವಾಸನಾಳಕ್ಕೆ ಇಳಿಯುತ್ತದೆ. ಇದರಿಂದ ನ್ಯುಮೋನಿಯ ಬರುವ ಭಯವಿದೆ. ತಲೆಗೆ ಬಲವಾದ ಪೆಟ್ಟು ಬಿದ್ದವರು, ಆಮ್ಲ ಮುಂತಾದುವನ್ನು ಕುಡಿದು ಅನ್ನನಾಳ ಸುಟ್ಟುಕೊಂಡವರು, ಬಾಯಿ, ಗಂಟಲು ಹಾಗೂ ಅನ್ನನಾಳದ ಕ್ಯಾನ್ಸರಿಗೆ ತುತ್ತಾದವರು, ಇವರಿಗೂ ನಳಿಕೆ ಬೇಕಾಗುವುದುಂಟು. ಕೋಲಾರ ಸೀಮೆಯಲ್ಲಿ ಬಾಯಿಯ ಕ್ಯಾನ್ಸರು ಹೆಚ್ಚಾಗಿ ಕಾಣುವ ಕಾಯಿಲೆ. ಎಲೆ, ಅಡಿಕೆ, ಸುಣ್ಣಗಳ ಜೊತೆಗೆ ಹೊಗೆಸೊಪ್ಪನ್ನು ಸೇರಿಸಿ ದವಡೆಯಲ್ಲಿ ಒತ್ತಿಕೊಂಡು, ರಾತ್ರಿ ಹಾಗೆಯೇ ನಿದ್ರೆ ಹೋಗುವ ರೂಢಿ ಇದಕ್ಕೆ ಮುಖ್ಯ ಕಾರಣ. ಈ ರೂಢಿಯು ಕೂಲಿನಾಲಿ ಮಾಡುವ ಹೆಂಗಸರಲ್ಲಿಯೂ ಬಹಳವಾಗಿರುವುದರಿಂದ, ನಳಿಕೆಯೊಡನೆ ಮನೆಗೆ ಮರಳುವವಳು ಹೆಂಡತಿಯೂ, ಆಕೆಗೆ ಆಹಾರ ಸಿದ್ಧಪಡಿಸಬೇಕಾದವನು ಅದುವರೆಗೆ ಒಲೆಯ ಮುಂದೆ ಕುಳಿತಿರದ ಗಂಡನೂ ಆಗಿರುವ ಸಂದರ್ಭಗಳು ಕಡಿಮೆಯಲ್ಲ. ಆದುದರಿಂದ ಈ ಪಾಠವನ್ನು ಇಬ್ಬರೂ ಕೂಡಿ ಓದತಕ್ಕದ್ದು.

ನಳಿಕೆ ಹಾಕಿದರೆಂದರೆ ವೈದ್ಯರು ಆಸೆ ಬಿಟ್ಟರೆಂದೇ ಅರ್ಥ ಎಂಬ ಭಾವನೆ ಹಳ್ಳಿಗಳಲ್ಲಿದೆ. ಇದು ಸರಿಯಲ್ಲ. ಶಸ್ತ್ರಚಿಕಿತ್ಸೆಯ ಗಾಯ ಮಾಯುವವರೆಗೆ, ವಿಕಿರಣ ಚಿಕಿತ್ಸೆಯ ಹುಣ್ಣು ಆರುವವರೆಗೆ ಶಕ್ತಿ ಕುಂದದಂತೆ ನೋಡಿಕೊಳ್ಳುವುದಕ್ಕಾಗಿಯೇ ಅನೇಕರಿಗೆ ನಳಿಕೆ ಹಾಕುತ್ತಾರೆ. ಪಾರ್ಶ್ವವಾಯುವಿನ ರೋಗಿಗಳಲ್ಲಿಯೂ ಹಲವರಿಗೆ ಕೆಲವು ವಾರಗಳಲ್ಲಿ ನುಂಗುವ ಶಕ್ತಿ ಮರಳುತ್ತದೆ.

ಇಬ್ಬರೂ ಕಲಿಯಬೇಕೇಕೆ?

ಕೋಲಾರ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿ ನಡೆಯುತ್ತಿದ್ದಾಗ ಗಂಡಸರ ದುಡಿಮೆಯು ಮನೆಯ ಸಮೀಪದಲ್ಲಿಯೇ ಇದ್ದಿತು. ಕಾರ್ಮಿಕರಿಗೆ ಗಣಿ ಸಂಸ್ಥೆಯ ಆಸ್ಪತ್ರೆಯ ಆಸರೆಯೂ ಇದ್ದಿತು. ಈಗ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್‌ಗಳ ಎಷ್ಟೋ ಮನೆಗಳ ದುಡಿಯುವವರು ಬೆಳಗಿನ ಜಾವದಲ್ಲಿಯೇ ಎದ್ದು, ಮಾರಿಕುಪ್ಪಂನಿಂದ ಹೊರಡುವ ರೈಲನ್ನು ಹಿಡಿದು, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ ಕತ್ತಲಾದ ಮೇಲೆ ಮರಳುತ್ತಾರೆ. ಬಂಗಾರಪೇಟೆಯಿಂದ ಬೆಂಗಳೂರಿಗೇ ಸುಮಾರು 70 ಕಿಲೋಮೀಟರು. 1894ರಲ್ಲಿ ಗಣಿಗಳಿಗಾಗಿ ಹಾಕಿದ ಆ ಕವಲು ದಾರಿ ಇಂದು ಕೂಲಿಯನ್ನೂ ಕಾಯಿಲೆಯನ್ನೂ ಬೆಂಗಳೂರಿಗೆ ಒಯ್ಯುವ ದಾರಿಯಾಗಿದೆ.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ ದಾದಿಯರು ನಳಿಕೆಯ ಆರೈಕೆಯನ್ನು ಸಾಮಾನ್ಯವಾಗಿ ಹತ್ತಿರವಿದ್ದ ಒಬ್ಬರಿಗೆ ಹೇಳಿಕೊಡುತ್ತಾರೆ. ಆ ಒಬ್ಬರು ರೈಲಿನಲ್ಲಿರುವಾಗಲೋ ಹೊಲದಲ್ಲಿರುವಾಗಲೋ ನಳಿಕೆ ಜಾರಿದರೆ, ಉಳಿದವರು ಸಂಜೆಯವರೆಗೆ ಕಾಯುತ್ತಾರೆ. ಹೊಟ್ಟೆಯ ನಳಿಕೆಯ ವಿಷಯದಲ್ಲಿ ಈ ಕಾಯುವಿಕೆಯೇ ಅಪಾಯಕ್ಕೆ ಮೂಲ. ಆದುದರಿಂದ ಮನೆಗೆ ಹೊರಡುವ ಮೊದಲು ಗಂಡ ಹೆಂಡಿರಿಬ್ಬರೂ, ಸಾಧ್ಯವಾದರೆ ಬೆಳೆದ ಮಗ ಅಥವಾ ಮಗಳೂ, ದಾದಿಯ ಎದುರಿನಲ್ಲಿ ತಮ್ಮ ಕೈಯಿಂದಲೇ ಒಂದೊಂದು ಸಲ ಆಹಾರ ಕೊಟ್ಟು ಕಲಿಯತಕ್ಕದ್ದು. ರೋಗಿಗೆ ಎಚ್ಚರವೂ ಕೈಯ ಸ್ವಾಧೀನವೂ ಇದ್ದರೆ ಆಕೆಯೂ ಕಲಿಯಲಿ. ತನ್ನ ಊಟವನ್ನು ತಾನೇ ಕೊಟ್ಟುಕೊಳ್ಳುವವರು ಅನೇಕರಿದ್ದಾರೆ.

ನಳಿಕೆಯ ವಿಧಗಳು

ಮೂಗಿನಿಂದ ಜಠರಕ್ಕೆ ಇಳಿಸುವ ನಳಿಕೆಯನ್ನು ನಮ್ಮಲ್ಲಿ ರೈಲ್ಸ್ ಟ್ಯೂಬ್ ಎನ್ನುತ್ತಾರೆ. ಈ ಹೆಸರಿಗೂ ನಮ್ಮ ರೈಲಿಗೂ ಸಂಬಂಧವಿಲ್ಲ. 1921ರಲ್ಲಿ ಇದನ್ನು ರೂಢಿಗೆ ತಂದ ಆಂಗ್ಲ ವೈದ್ಯ ಜಾನ್ ಆಲ್ಫ್ರೆಡ್ ರೈಲ್ ಅವರ ಹೆಸರು ಅದು. ಸುಮಾರು ನಾಲ್ಕರಿಂದ ಆರು ವಾರಗಳ ಅಗತ್ಯಕ್ಕೆ ಇದು ಸಾಕು. ಸಾಮಾನ್ಯ ಪ್ಲಾಸ್ಟಿಕ್ಕಿನ ನಳಿಕೆಯು ಜಠರದ ಆಮ್ಲದಿಂದ ಗಡುಸಾಗುವುದರಿಂದ ಒಂದೆರಡು ವಾರಗಳಿಗೊಮ್ಮೆ ಬದಲಾಯಿಸಬೇಕಾಗುತ್ತದೆ. ಮೆತ್ತಗಿನ ಸಿಲಿಕೋನಿನದು ಹೆಚ್ಚು ದಿನ ಬರುತ್ತದೆ.

ಅದಕ್ಕಿಂತ ದೀರ್ಘಕಾಲ ಬೇಕಾಗುವವರಿಗೆ ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ನೇರವಾಗಿ ಜಠರಕ್ಕೆ ನಳಿಕೆಯನ್ನು ಹಾಕುತ್ತಾರೆ. ಹಿಂದೆ ಇದಕ್ಕೆ ಹೊಟ್ಟೆಯನ್ನು ಕೊಯ್ಯಲೇಬೇಕಾಗಿತ್ತು. 1979ರಲ್ಲಿ ಅಮೆರಿಕೆಯ ಕ್ಲೀವ್‌ಲ್ಯಾಂಡಿನಲ್ಲಿ ಗಾಡರರ್ ಮತ್ತು ಪಾನ್ಸ್ಕಿ ಎಂಬ ವೈದ್ಯರು ಬಾಯಿಯಿಂದ ದರ್ಶಕವನ್ನು ಇಳಿಸಿ, ದೊಡ್ಡ ಶಸ್ತ್ರಚಿಕಿತ್ಸೆಯಿಲ್ಲದೆ, ಒಂದು ಹಸುಗೂಸಿಗೆ ಇದನ್ನು ಹಾಕಿದರು. ಈ ಕ್ರಮವೇ ಇಂದು ಪೆಗ್ ಎಂದು ಹೆಸರಾಗಿದೆ. ಕೆಲವರಿಗೆ ಜಠರದ ಬದಲು ಸಣ್ಣ ಕರುಳಿಗೆ ನಳಿಕೆ ಹಾಕಿರುತ್ತಾರೆ. ಕರುಳಿಗೆ ಜಠರದಂತೆ ಆಹಾರವನ್ನು ಶೇಖರಿಸಿಡುವ ಚೀಲವಿಲ್ಲ. ಅಂತಹವರಿಗೆ ತೊಟ್ಟುತೊಟ್ಟಾಗಿ ಮಾತ್ರ ಕೊಡಬೇಕು. ಒಮ್ಮೆಗೆ ಸುರಿದರೆ ಬೆವರು, ತಲೆಸುತ್ತು, ಭೇದಿ ಉಂಟಾಗುತ್ತವೆ. ನಿಮ್ಮ ಮನೆಯವರಿಗೆ ಹಾಕಿರುವುದು ಯಾವ ವಿಧದ್ದು ಎಂಬುದನ್ನು ವೈದ್ಯರಿಂದ ಬರೆಯಿಸಿಕೊಳ್ಳಿರಿ.

ಆಹಾರ

ನಳಿಕೆಯಲ್ಲಿ ಇಳಿಯುವುದೆಲ್ಲವೂ ಆಹಾರವಲ್ಲ. ಗಂಜಿಯ ತಿಳಿ, ಎಳನೀರು, ಬೇಳೆಯ ಕಟ್ಟು ಇವಿಷ್ಟನ್ನೇ ಕೊಡುತ್ತ ಬಂದರೆ ಹೊಟ್ಟೆ ತುಂಬಿದಂತೆ ಕಂಡರೂ ರೋಗಿಯು ದಿನದಿನಕ್ಕೆ ಸೊರಗುತ್ತಾನೆ. ಕಾಯಿಲೆಯಿಂದಲ್ಲ, ಹಸಿವಿನಿಂದ. ಹಾಸಿಗೆ ಹಿಡಿದ ವಯಸ್ಕನಿಗೂ ದಿನಕ್ಕೆ ಸುಮಾರು 1500ರಿಂದ 2000 ಕ್ಯಾಲೊರಿ ಶಾಖ ಬೇಕು. ಒಂದು ಲೀಟರು ಹಸುವಿನ ಹಾಲು ಸುಮಾರು 650 ಕ್ಯಾಲೊರಿ ಶಾಖವನ್ನೂ 30 ಗ್ರಾಮಿಗಿಂತ ಸ್ವಲ್ಪ ಹೆಚ್ಚು ಸಸಾರಜನಕವನ್ನೂ ಕೊಡುತ್ತದೆ. ಒಂದು ಚಹ ಚಮಚೆ ಅಡಿಗೆ ಎಣ್ಣೆಯಲ್ಲಿ 45 ಕ್ಯಾಲೊರಿ ಇದೆ. ಗಂಜಿಯ ತಿಳಿಯು ಇವುಗಳ ಹತ್ತಿರಕ್ಕೂ ಬಾರದು.

ನಮ್ಮ ಸೀಮೆಯ ರಾಗಿ ಇಲ್ಲಿ ಒಳ್ಳೆಯ ನೆರವು. ಆದರೆ ಸಾಮಾನ್ಯ ರಾಗಿ ಹಿಟ್ಟಿನ ಅಂಬಲಿಗೆ ಒಂದು ದೋಷವುಂಟು. ಬಿಸಿಯಾಗಿರುವಾಗ ಹರಿಯುತ್ತಿದ್ದುದು ಆರಿದೊಡನೆ ಅಂಟಿನಂತಾಗಿ ನಳಿಕೆಯನ್ನು ಕಟ್ಟಿಬಿಡುತ್ತದೆ. ಹರಿಯಲೆಂದು ನೀರು ಬೆರೆಸಿದರೆ ಸತ್ವ ಕಡಿಮೆಯಾಗುತ್ತದೆ. ಇದಕ್ಕೆ ಪರಿಹಾರವೂ ಹಳೆಯ ಅಡಿಗೆಮನೆಯಲ್ಲಿಯೇ ಇದೆ. ರಾಗಿಯನ್ನು ಒಂದು ರಾತ್ರಿ ನೆನೆಯಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಂದೆರಡು ದಿನ ಮೊಳಕೆ ಬರಿಸಿ, ಬಿಸಿಲಿನಲ್ಲಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಹುರಿದು ಬೀಸಿಕೊಳ್ಳಿರಿ. ಮೊಳಕೆಯೊಡೆಯುವಾಗ ಧಾನ್ಯದಲ್ಲಿ ಹುಟ್ಟುವ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಅದೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಅಂಬಲಿ ತೆಳುವಾಗಿಯೇ ಉಳಿಯುತ್ತದೆ. ಕಾಯಿಸುವಾಗ ಅವಸರ ಮಾಡದೆ ಸಣ್ಣ ಉರಿಯಲ್ಲಿ ಕದಡುತ್ತಿರಬೇಕು; ಹಿಟ್ಟನ್ನು ಕರಿಯಾಗುವಂತೆ ಹುರಿದರೆ ಈ ಗುಣ ನಾಶವಾಗುತ್ತದೆ. ಇದಕ್ಕೆ ಹಾಲು, ಬೆಲ್ಲ, ಒಂದು ಚಮಚೆ ಎಣ್ಣೆ ಸೇರಿಸಬಹುದು. ಚೆನ್ನಾಗಿ ಬೆಂದ ಬೇಳೆ, ಬೇಯಿಸಿದ ಮೊಟ್ಟೆ, ತರಕಾರಿಗಳನ್ನು ನುಣ್ಣಗೆ ಅರೆದು ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ ಕೊಡಬಹುದು. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಸಕ್ಕರೆ ಬೇಡ. ಮೂತ್ರಪಿಂಡದ ತೊಂದರೆಯಿದ್ದರೆ ಬೇಳೆ ಮೊಟ್ಟೆಗಳ ಪ್ರಮಾಣವನ್ನು ವೈದ್ಯರೇ ಹೇಳಬೇಕು. ಹಲವು ದಿನ ಏನನ್ನೂ ತಿನ್ನದಿದ್ದವರಿಗೆ ಒಮ್ಮೆಗೇ ಪೂರ್ಣ ಆಹಾರ ಕೊಡಲಾಗದು. ರಕ್ತದ ಲವಣಗಳು ಏರುಪೇರಾಗಿ ಹೃದಯಕ್ಕೆ ಅಪಾಯವಾಗುತ್ತದೆ. ಆರಂಭದ ದಿನಗಳ ಪ್ರಮಾಣವನ್ನು ಆಸ್ಪತ್ರೆಯವರು ಹೇಳಿದಂತೆಯೇ ಏರಿಸಬೇಕು.

ಒಂದು ಹೊತ್ತಿಗೆ ಬೇಕಾದಷ್ಟನ್ನೇ ಸಿದ್ಧಪಡಿಸಿರಿ. ಬೇಸಿಗೆಯಲ್ಲಿ ಎರಡು ಗಂಟೆ ಹೊರಗಿದ್ದ ಆಹಾರವನ್ನು ಚೆಲ್ಲುವುದೇ ಕ್ಷೇಮ.

ಕೊಡುವ ಕ್ರಮ

ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿರಿ. ರೋಗಿಯನ್ನು ಕುಳ್ಳಿರಿಸಿರಿ, ಆಗದಿದ್ದರೆ ದಿಂಬುಗಳನ್ನಿಟ್ಟು ತಲೆ ಎದೆಗಳನ್ನು ಅರ್ಧ ಕುಳಿತಂತೆ ಎತ್ತರಿಸಿರಿ. ಲೈನ್ ಮನೆಗಳ ಒಂದೇ ಕೋಣೆಯಲ್ಲಿ ಮಂಚಕ್ಕೆ ಜಾಗವಿಲ್ಲದಿದ್ದರೆ, ಗೋಡೆಗೆ ಒರಗಿಸಿದ ಸುತ್ತಿದ ಹಾಸಿಗೆಯೂ ಆದೀತು. ಮಲಗಿಸಿ ಕೊಡುವುದು ಮಾತ್ರ ಎಂದಿಗೂ ಕೂಡದು; ಆಹಾರವು ಮೇಲಕ್ಕೆ ಬಂದು ಶ್ವಾಸಕೋಶವನ್ನು ಸೇರುತ್ತದೆ. ಊಟವಾದ ಮೇಲೂ ಮುಕ್ಕಾಲು ಗಂಟೆ, ಒಂದು ಗಂಟೆ ಹಾಗೆಯೇ ಇರಬೇಕು.

ಮೂಗಿನ ನಳಿಕೆಯಾದರೆ ಮೊದಲು ಮೂಗಿನ ಹೊಳ್ಳೆಯ ಬಳಿ ಮಾಡಿದ ಶಾಯಿಯ ಗುರುತು ಸ್ಥಳದಲ್ಲಿಯೇ ಇದೆಯೇ ಎಂದು ನೋಡಿರಿ. ಗುರುತು ಹೊರಕ್ಕೆ ಬಂದಿದ್ದರೆ, ನಳಿಕೆ ಬಾಯಲ್ಲಿ ಸುರುಳಿಯಾಗಿ ಕಂಡರೆ, ಕೆಮ್ಮು, ಏದುಸಿರು, ಧ್ವನಿಯ ಬದಲಾವಣೆ ಇದ್ದರೆ ಒಂದು ತೊಟ್ಟನ್ನೂ ಹಾಕಬಾರದು. ಸಿರಿಂಜಿನಿಂದ ಗಾಳಿ ಊದಿ ಹೊಟ್ಟೆಯ ಮೇಲೆ ಸದ್ದು ಕೇಳುವ ಹಳೆಯ ಪರೀಕ್ಷೆಯನ್ನು ನಂಬಿ ಕುಳಿತುಕೊಳ್ಳಬೇಡಿರಿ. ನಳಿಕೆಯು ಶ್ವಾಸನಾಳದಲ್ಲಿದ್ದಾಗಲೂ ಅಂತಹ ಸದ್ದು ಕೇಳಿಬಂದಿರುವುದುಂಟು. ಹೊಸದಾಗಿ ಹಾಕಿದ ನಳಿಕೆಯ ಸ್ಥಾನವನ್ನು ಎಕ್ಸ್-ರೇಯಿಂದಲೋ ಜಠರರಸದ ಆಮ್ಲ ಪರೀಕ್ಷೆಯಿಂದಲೋ ಖಚಿತಪಡಿಸಿಕೊಳ್ಳುವುದು ಆಸ್ಪತ್ರೆಯ ಕೆಲಸ.

ಅನಂತರ 50 ಮಿಲಿಲೀಟರಿನ ಸಿರಿಂಜಿನಿಂದ, ಕಾಯಿಸಿ ಆರಿಸಿದ ನೀರು 30 ಮಿಲಿಲೀಟರಿನಷ್ಟನ್ನು ಬಿಡಿರಿ. ಸಿರಿಂಜಿನ ದಂಡವನ್ನು ತೆಗೆದು, ಕೊಳವೆಯನ್ನು ಎತ್ತಿ ಹಿಡಿದು, ಉಗುರುಬೆಚ್ಚಗಿನ ಆಹಾರವನ್ನು ತಾನಾಗಿ ಇಳಿಯಲು ಬಿಡಬೇಕು, ಒತ್ತಿ ತಳ್ಳಬಾರದು. ಜಠರದ ನಳಿಕೆಯಲ್ಲಿ ಒಂದು ಸಲಕ್ಕೆ 200ರಿಂದ 300 ಮಿಲಿಲೀಟರು ಇಳಿಯಲು ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ ಹಿಡಿಯಬೇಕು. ಕೊನೆಗೆ ಪುನಃ ಅಷ್ಟೇ ನೀರು. ಈ ಕೊನೆಯ ನೀರನ್ನು ಮರೆಯುವುದರಿಂದಲೇ ಹೆಚ್ಚಿನ ನಳಿಕೆಗಳು ಕಟ್ಟಿಕೊಳ್ಳುತ್ತವೆ. ಕಟ್ಟಿಕೊಂಡಾಗ ಬೆಚ್ಚಗಿನ ನೀರನ್ನು ಮೆಲ್ಲಗೆ ಒತ್ತಿ, ಮೆಲ್ಲಗೆ ಎಳೆದು ನೋಡಬಹುದು. ತಂತಿ, ಹೆಣಿಗೆ ಕಡ್ಡಿಗಳನ್ನು ತೂರಿಸುವುದು ಅಪಾಯಕರ. ಮಾತ್ರೆಗಳನ್ನು ಒಂದೊಂದಾಗಿ ನುಣ್ಣಗೆ ಪುಡಿಮಾಡಿ ನೀರಿನಲ್ಲಿ ಕದಡಿ ಕೊಡಬೇಕು. ಆದರೆ ಪುಡಿಮಾಡಲಾಗದ ಮಾತ್ರೆಗಳೂ ಇರುವುದರಿಂದ ಮೊದಲು ವೈದ್ಯರನ್ನು ಕೇಳಿರಿ.

ಬಾಯಿಂದ ಉಣ್ಣದವರ ಬಾಯನ್ನು ಯಾರೂ ತೊಳೆಯುವುದಿಲ್ಲ. ಇದು ದೊಡ್ಡ ತಪ್ಪು. ಕೊಳೆತ ಎಂಜಲು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ ಬರುತ್ತದೆ. ದಿನಕ್ಕೆ ಎರಡು ಸಲ ಹಲ್ಲು ನಾಲಗೆಗಳನ್ನು ಉಜ್ಜಿ ಒರೆಸಬೇಕು. ಹೊಟ್ಟೆಯ ರಂಧ್ರದ ಸುತ್ತ ಸೋಪು ನೀರಿನಿಂದ ತೊಳೆದು ಒಣಗಿಸಿದರೆ ಸಾಕು. ಅರಿಸಿನ, ಬೂದಿ, ಪೌಡರುಗಳು ಬೇಡ. ರಂಧ್ರ ಮಾಯ್ದ ಮೇಲೆ, ಆಸ್ಪತ್ರೆಯವರು ತೋರಿಸಿದಂತೆ ನಳಿಕೆಯನ್ನು ವಾರಕ್ಕೊಮ್ಮೆಯಾದರೂ ಸ್ವಲ್ಪ ಒಳಕ್ಕೆ ಸರಿಸಿ ತಿರುಗಿಸಬೇಕು. ಇಲ್ಲವಾದರೆ ಒಳಗಿನ ಬಿಲ್ಲೆ ಜಠರದ ಗೋಡೆಯಲ್ಲಿ ಹೂತುಹೋಗುವುದುಂಟು. ಕರುಳಿನ ನಳಿಕೆಯನ್ನು ಹೀಗೆ ತಿರುಗಿಸಕೂಡದು.

ನಳಿಕೆ ಕಳಚಿ ಬಂದಾಗ

ಮೂಗಿನ ನಳಿಕೆ ಬಂದುಬಿಟ್ಟರೆ ಗಾಬರಿ ಬೇಡ. ಮನೆಯಲ್ಲಿ ಪುನಃ ತೂರಿಸುವ ಸಾಹಸವೂ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಿ ಹಾಕಿಸಿಕೊಳ್ಳಿರಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ಪಡೆಯುವವರು, ಫಿಟ್ಸ್ ಕಾಯಿಲೆಗೆ ಔಷಧಿ ಪಡೆಯುವವರು ಮಾತ್ರ ತಡಮಾಡಲೇಕೂಡದು. ಊಟ ತಪ್ಪಿ ಇನ್ಸುಲಿನ್ ತಪ್ಪದಿದ್ದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪುತ್ತದೆ.

ಹೊಟ್ಟೆಯ ನಳಿಕೆಯ ಮಾತು ಬೇರೆ. 1822ರಲ್ಲಿ ಅಮೆರಿಕೆಯಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬಾತನ ಹೊಟ್ಟೆಗೆ ಗುಂಡು ತಾಗಿ ಜಠರಕ್ಕೆ ರಂಧ್ರವಾಯಿತು. ಅದು ಮುಚ್ಚಲೇ ಇಲ್ಲ. ಆತನು 1880ರವರೆಗೆ ಬದುಕಿದ್ದನು, ಆತನ ಜಠರವನ್ನು ಇಣುಕಿ ನೋಡಿಯೇ ಬ್ಯೂಮಾಂಟ್ ಎಂಬ ವೈದ್ಯನು ಜೀರ್ಣಕ್ರಿಯೆಯ ರಹಸ್ಯಗಳನ್ನು ಅರಿತನು. ಅದು ಅಪರೂಪದ ಸಂಗತಿ. ವೈದ್ಯರು ಮಾಡುವ ರಂಧ್ರವಾದರೋ ನಳಿಕೆ ಹೊರಬಂದ ಕೆಲವೇ ಗಂಟೆಗಳಲ್ಲಿ ಸಂಕುಚಿಸತೊಡಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಕಳಚಿದ ನಳಿಕೆಗಾಗಿ ರಾತ್ರಿಯ ರೈಲಿನಿಂದ ಬರುವ ಗಂಡನನ್ನು ಕಾದರೆ, ಅಷ್ಟು ಹೊತ್ತಿಗೆ ಐದು ನಿಮಿಷಗಳ ಕೆಲಸವು ಮತ್ತೊಂದು ಶಸ್ತ್ರಕ್ರಿಯೆಯೇ ಆಗಿರಬಹುದು.

ಇಲ್ಲಿ ನೋಡಬೇಕಾದುದು, ರಂಧ್ರ ಮಾಡಿ ಎಷ್ಟು ದಿನಗಳಾದುವು ಎಂಬುದನ್ನು. ಮೊದಲ ನಾಲ್ಕು ವಾರಗಳಲ್ಲಿ ಜಠರವು ಹೊಟ್ಟೆಯ ಗೋಡೆಗೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ. ಆಗ ಯಾವುದನ್ನು ತೂರಿಸಿದರೂ ಅದು ಜಠರವನ್ನು ಬಿಟ್ಟು ಹೊಟ್ಟೆಯ ಪೊಳ್ಳಿನೊಳಗೆ ಹೋಗಬಹುದು; ಅದರ ಮೂಲಕ ಆಹಾರ ಹಾಕಿದರೆ ಪ್ರಾಣಕ್ಕೇ ಅಪಾಯ. ಏನನ್ನೂ ತೂರಿಸದೆ, ಬಾಯಿಂದಲೂ ಕೊಡದೆ, ರಂಧ್ರದ ಮೇಲೆ ಶುಭ್ರವಾದ ಬಟ್ಟೆ ಮುಚ್ಚಿ, 108ಕ್ಕೆ ಕರೆ ಮಾಡಿ ತಕ್ಷಣ ಹೊರಡಬೇಕು. ತಿಂಗಳುಗಳು ಕಳೆದ, ಮಾಯ್ದ ರಂಧ್ರವಾದರೆ, ಆಸ್ಪತ್ರೆಯವರು ಮೊದಲೇ ಕಲಿಸಿ ಬದಲಿ ನಳಿಕೆಯನ್ನು ಕೊಟ್ಟಿದ್ದಲ್ಲಿ ಅದನ್ನು ರಂಧ್ರ ಮುಚ್ಚದಂತೆ ಮೆಲ್ಲಗೆ ಇಡಬಹುದು. ಬಲಾತ್ಕಾರ ಮಾಡಕೂಡದು. ಇಟ್ಟ ಮಾತ್ರಕ್ಕೆ ಆಹಾರ ಕೊಡಲೂಕೂಡದು. ಸ್ಥಾನ ಖಚಿತವಾಗುವವರೆಗೆ ಅದು ಬರಿಯ ಬಿರಡೆಯಷ್ಟೆ. ಕಲಿತಿರದವರು ಮುಚ್ಚಿಕೊಂಡು ಹೊರಟುಬಿಡಲಿ. ಕರುಳಿನ ನಳಿಕೆಯನ್ನು ಮನೆಯಲ್ಲಿ ಯಾರೂ ಮುಟ್ಟಬಾರದು. ಕಳಚಿದ ನಳಿಕೆಯನ್ನು ಎಸೆಯದೆ ಜೊತೆಗೆ ಒಯ್ಯಿರಿ, ತುಂಡು ಒಳಗೆ ಉಳಿದಿಲ್ಲವೆಂಬುದು ಅದರಿಂದ ತಿಳಿಯುತ್ತದೆ.

ಎಲ್ಲಿಗೆ ಹೋಗಬೇಕೆಂಬುದನ್ನು ಕಳಚುವ ಮೊದಲೇ ಕೇಳಿಟ್ಟುಕೊಂಡಿರಬೇಕು. ಹಗಲಿನಲ್ಲಿ ಎಲ್ಲಿ, ರಾತ್ರಿಯಲ್ಲಿ ಎಲ್ಲಿ, ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿ ಆಗುವುದೇ, ಟಮಕದ ಜಾಲಪ್ಪ ಆಸ್ಪತ್ರೆಯಲ್ಲಿಯೇ, ಇಲ್ಲವೇ ನಳಿಕೆ ಹಾಕಿದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೇ ಹೋಗಬೇಕೇ, ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಅದೇ ಪುಸ್ತಕದಲ್ಲಿ ನಳಿಕೆ ಹಾಕಿದ ದಿನಾಂಕ, ವಿಧ, ಅಳತೆ ಇರಲಿ. ನಳಿಕೆಯ ಮೇಲೆ ಅಚ್ಚಾಗಿರುವ ಅಂಕಿ ಫ್ರೆಂಚ್ ಅಳತೆಯದು. ಅದರಲ್ಲಿ 3 ಎಂದರೆ ಒಂದು ಮಿಲಿಮೀಟರು, 18 ಎಂದರೆ 6 ಮಿಲಿಮೀಟರು ದಪ್ಪ. ಈ ಒಂದು ಅಂಕಿಯನ್ನು ದೂರವಾಣಿಯಲ್ಲಿ ಹೇಳಬಲ್ಲವರಿಗೆ ಅರ್ಧ ದಿನದ ಅಲೆದಾಟ ಉಳಿಯುತ್ತದೆ.

ಬದಲಾಯಿಸುವುದು

ಬಲೂನಿರುವ ನಳಿಕೆಯನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ ಬದಲಾಯಿಸಬೇಕು. ಬಿಲ್ಲೆಯಿರುವುದು ಒಂದೆರಡು ವರ್ಷ ಬರಬಹುದು. ಬಲೂನಿನ ನೀರನ್ನು ಸಿರಿಂಜಿನಿಂದ ಹಿಂತೆಗೆದು ಹಳೆಯದನ್ನು ಜಾರಿಸಿ ತೆಗೆಯುತ್ತಾರೆ; ಹೊಸದನ್ನು ಅದೇ ರಂಧ್ರದಲ್ಲಿ ಇಳಿಸಿ, ಬಲೂನಿಗೆ ನೀರು ತುಂಬಿ, ಹೊರಗಿನ ಬಿಲ್ಲೆಯನ್ನು ಸರಿಪಡಿಸಿ, ಜಠರರಸ ಬರುವುದೇ ಎಂದು ಪರೀಕ್ಷಿಸುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಅರಿವಳಿಕೆ ಬೇಕಿಲ್ಲ. ಒಳಗೆ ಗಟ್ಟಿ ಬಿಲ್ಲೆಯಿರುವುದನ್ನು ಎಳೆದು ತೆಗೆಯುವಾಗ ನೋವಾಗುತ್ತದೆ. ಕೆಲವೊಮ್ಮೆ ದರ್ಶಕವನ್ನು ಇಳಿಸಿ ತೆಗೆಯುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿರಿ. ಸರಿಯಾದ ನಳಿಕೆ ಸಿಗದಾಗ ಮೂತ್ರದ ನಳಿಕೆಯನ್ನೇ ತಾತ್ಕಾಲಿಕವಾಗಿ ಇಡುವುದುಂಟು. ಅದಕ್ಕೆ ಹೊರಗಿನ ಬಿಲ್ಲೆಯಿಲ್ಲ. ತಾನಾಗಿ ಒಳಕ್ಕೆ ಸರಿದು ಜಠರದ ಬಾಗಿಲನ್ನು ಕಟ್ಟಬಹುದು. ಆದುದರಿಂದ ಅದರ ಮೇಲೆ ಗುರುತು ಮಾಡಿ, ಅಂಟುಪಟ್ಟಿಯಿಂದ ಬಿಗಿದು, ಬೇಗನೆ ಬದಲಾಯಿಸಿಕೊಳ್ಳಬೇಕು.

ಬದಲಾಯಿಸಿದ ಮೇಲೆ ಒಂದೆರಡು ತೊಟ್ಟು ರಕ್ತ ಕಂಡರೆ ಚಿಂತೆಯಿಲ್ಲ. ಆದರೆ ಮೊದಲ ಆಹಾರ ಇಳಿಯುತ್ತಿರುವಾಗಲೇ ನೋವು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಹೊಟ್ಟೆ ಗಟ್ಟಿಯಾಗುವುದು, ಜ್ವರ, ಬಿಡದ ರಕ್ತಸ್ರಾವ ಇದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಮರಳಿರಿ. ಬಡತನದ ರೇಖೆಗಿಂತ ಕೆಳಗಿರುವವರು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಕಾರ್ಡನ್ನೂ ಪಡಿತರ ಚೀಟಿಯನ್ನೂ ಒಯ್ಯತಕ್ಕದ್ದು.

ದಾಂಪತ್ಯ

ನಳಿಕೆಯಿರುವ ಮನೆಯಲ್ಲಿ ಉಳಿದವರು ಮರೆಯಲ್ಲಿ ಉಣ್ಣತೊಡಗುತ್ತಾರೆ. ಉದ್ದೇಶ ಒಳ್ಳೆಯದೇ, ಆದರೆ ಊಟದ ಹೊತ್ತಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಒಬ್ಬಂಟಿಯಾಗಿ ಮಲಗಿರುವವರಿಗೆ ಅದು ಹಿತವೋ ಅಹಿತವೋ ಎಂದು ಅವರನ್ನೇ ಕೇಳಬೇಕು. ಜೊತೆಯಲ್ಲಿಯೇ ಕುಳಿತು ನಳಿಕೆಯ ಊಟ ಮುಗಿಸಲು ಇಷ್ಟಪಡುವವರು ಬಹಳ ಮಂದಿ.

ಹೊಟ್ಟೆಯ ನಳಿಕೆಯು ರಂಧ್ರ ಮಾಯ್ದ ಮೇಲೆ ಸ್ನಾನಕ್ಕಾಗಲಿ ಮನೆಗೆಲಸಕ್ಕಾಗಲಿ ಗಂಡ ಹೆಂಡಿರ ಕೂಡಿಕೆಗಾಗಲಿ ಅಡ್ಡಿಯಲ್ಲ. ನಳಿಕೆಯನ್ನು ಮಡಿಚಿ ಅಂಟಿಸಿಕೊಂಡು, ಊಟವಾದ ಕೂಡಲೇ ಅಲ್ಲದಂತೆ ನೋಡಿಕೊಂಡರೆ ಸಾಕು. ಕ್ಯಾನ್ಸರಿನ ಔಷಧಿ ಅಥವಾ ವಿಕಿರಣ ಚಿಕಿತ್ಸೆ ನಡೆಯುತ್ತಿರುವಾಗ ಮಾತ್ರ ಗರ್ಭ ನಿಲ್ಲದಂತೆ ಎಚ್ಚರ ವಹಿಸಬೇಕು. ನುಂಗುವ ಗುಳಿಗೆಯನ್ನು ಬಳಸುತ್ತಿದ್ದವರು ಅದನ್ನು ತಾವಾಗಿಯೇ ಪುಡಿಮಾಡಿ ನಳಿಕೆಗೆ ಹಾಕದೆ, ವಂಕಿ ಅಥವಾ ನಿರೋಧ್ ಮುಂತಾದ ಬೇರೆ ವಿಧಾನವನ್ನು ಕುರಿತು ಆರೋಗ್ಯ ಸಹಾಯಕಿಯನ್ನು ವಿಚಾರಿಸಲಿ.

ನುಂಗುವ ಶಕ್ತಿ ಮರಳಿತೆಂದು ಮನೆಯವರೇ ತೀರ್ಮಾನಿಸಲಾಗದು. ಆಸ್ಪತ್ರೆಯಲ್ಲಿ ಪರೀಕ್ಷಿಸಿ, ಬಾಯಿಂದ ತಿನ್ನುವುದು ಸಾಕಷ್ಟಾದ ಮೇಲೆ ನಳಿಕೆಯನ್ನು ತೆಗೆಯುತ್ತಾರೆ. ಹೊಟ್ಟೆಯ ರಂಧ್ರವು ಹೊಲಿಗೆಯಿಲ್ಲದೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಸ್ವಲ್ಪ ಸೋರುವುದರಿಂದ ಬಟ್ಟೆಯ ಪಟ್ಟಿ ಇರಲಿ. ಬಾಯಿಂದ ಆರಂಭಿಸುವಾಗ ನೀರೇ ಸುಲಭವೆಂದು ಎಲ್ಲರೂ ಎಣಿಸುತ್ತಾರೆ. ನೀರು ಬೇಗ ಹರಿಯುವುದರಿಂದ ಅದೇ ಶ್ವಾಸನಾಳಕ್ಕೆ ಜಾರುವುದು ಹೆಚ್ಚು. ಗಟ್ಟಿ ಮೊಸರು, ಮಂದವಾದ ರಾಗಿ ಅಂಬಲಿ ಇಂಥದನ್ನು ನೇರವಾಗಿ ಕುಳ್ಳಿರಿಸಿ, ಅರ್ಧ ಚಮಚೆಯಷ್ಟು ಕೊಟ್ಟು, ನುಂಗಿದ ಮೇಲೆ ಒಂದು ಮಾತನಾಡಿಸಿ ನೋಡಿರಿ. ಧ್ವನಿಯು ಒದ್ದೆಯಾಗಿ ಗೊರಗುಟ್ಟದೆ ತಿಳಿಯಾಗಿ ಬಂದರೆ ಇನ್ನರ್ಧ ಚಮಚೆ ಕೊಡಬಹುದು.